ಮಾಸ್ಕ್ ಹಾಕಿದ ಮುಖಕ್ಕೆ ಮೊಡವೆಯ ಕಾಟ

ಕಾಸರಗೋಡು: ಕೊರೋನಾ ಹೋಯಿತು, ಮಾಸ್ಕ್ ಮಾತ್ರ ಪೂರ್ತಿ ಹೋಗಲಿಲ್ಲ. 2020ರ ಫೆಬ್ರವರಿ 3ರಂದು ದೇಶದ ಮೂರನೆಯ ಕೊರೋನಾ ಪ್ರಕರಣ ಪತ್ತೆಯಾದದ್ದು ಇದೇ ಜಿಲ್ಲೆಯಲ್ಲಿ. ಮುಂದಿನ ತಿಂಗಳು ತಲಪಾಡಿಯ ಗಡಿ ಮುಚ್ಚಿತು. ಆಮೇಲೆ ಎರಡು ವರ್ಷ ಮಾಸ್ಕ್ ಇಲ್ಲದೆ ಅಂಗಡಿಗೂ ಹೋಗುವ ಹಾಗಿರಲಿಲ್ಲ. ಆ ಕಡ್ಡಾಯ ಈಗಿಲ್ಲ ನಿಜ. ಆದರೆ ಮಂಗಳೂರಿನ ಆಸ್ಪತ್ರೆಗಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ನರ್ಸುಗಳು ಮಾಸ್ಕ್ ಬಿಡುವಂತಿಲ್ಲ. ಹೆದ್ದಾರಿ 66 ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಧೂಳಿಗೆ ಹೆದರಿ ಮಾಸ್ಕ್ ಕಟ್ಟಿ ರೂಢಿಯಾದವರೂ ಇದ್ದಾರೆ. ಕೋಝಿಕ್ಕೋಡಿನಲ್ಲಿ 2018, 2021 ಮತ್ತು 2023ರಲ್ಲಿ, ಮಲಪ್ಪುರಂನಲ್ಲಿ 2024ರಲ್ಲಿ ನಿಪಾ ಕಾಣಿಸಿಕೊಂಡಾಗಲೂ ಕಪಾಟಿನ ಮೂಲೆಯ ಮಾಸ್ಕ್‌ಗಳು ಹೊರಬಂದವು.

ಮಾಸ್ಕ್ ಜೊತೆಗೇ ಬಂದ ಇನ್ನೊಂದು ಉಪದ್ರವ ಮುಖದ ಬೊಕ್ಕೆ. ಗಲ್ಲ, ಬಾಯಿಯ ಸುತ್ತ, ಮೂಗಿನ ಪಕ್ಕ, ಅಂದರೆ ಮಾಸ್ಕ್ ಮುಚ್ಚುವಷ್ಟೇ ಜಾಗದಲ್ಲಿ ಕೆಂಪಗೆ ಏಳುವ ಮೊಡವೆ. ಮಲಯಾಳದಲ್ಲಿ ಮುಖಕ್ಕುರು ಎನ್ನಿ, ಕನ್ನಡದಲ್ಲಿ ಮೊಡವೆ ಎನ್ನಿ, ಮೆಡಿಕಲ್ ಅಂಗಡಿಯವ ಕೊಡುವುದು ಒಂದೇ ಟ್ಯೂಬು. ತೊಂದರೆ ಶುರುವಾಗುವುದು ಅಲ್ಲೇ. ಆ ಸಂಗತಿ ಮುಂದೆ ಬರುತ್ತದೆ.

ಇದು ಕೊರೋನಾದಿಂದ ಹುಟ್ಟಿದ ಹೊಸ ಕಾಯಿಲೆಯಲ್ಲ. ಚರ್ಮವನ್ನು ಏನಾದರೂ ಒತ್ತಿ, ತಿಕ್ಕಿ, ಮುಚ್ಚಿಟ್ಟರೆ ಅಲ್ಲಿ ಮೊಡವೆ ಏಳುತ್ತದೆಂದು ಅಮೆರಿಕದ ಚರ್ಮವೈದ್ಯರು 1975ರಲ್ಲೇ ಬರೆದಿಟ್ಟಿದ್ದಾರೆ. ಹೆಲ್ಮೆಟ್ಟಿನ ಪಟ್ಟಿ ಕಟ್ಟುವ ಆಟಗಾರರ ಗಲ್ಲದಲ್ಲಿ, ಪಿಟೀಲು ಒತ್ತಿ ಹಿಡಿಯುವವರ ಕುತ್ತಿಗೆಯಲ್ಲಿ ಬರುವುದೂ ಇದೇ ಜಾತಿಯದು. 2003ರಲ್ಲಿ ಸಾರ್ಸ್ ಬಂದಾಗ ಸಿಂಗಪುರದಲ್ಲಿ ಎನ್-95 ಮಾಸ್ಕನ್ನು ನಿತ್ಯ ಹಾಕಿದ 307 ಆಸ್ಪತ್ರೆ ಸಿಬ್ಬಂದಿಯನ್ನು ವಿಚಾರಿಸಿದರು. 109 ಮಂದಿಗೆ, ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಚರ್ಮದ ತೊಂದರೆ ಇತ್ತು. ಆ 109ರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಮೊಡವೆ. ತುರಿಕೆಯೂ ಸುಮಾರು ಅಷ್ಟೇ ಜನರಿಗೆ.

ಕಾರಣ ಸರಳ. ಮಾಸ್ಕ್ ಒಳಗೆ ನಮ್ಮದೇ ಉಸಿರಿನ ಬಿಸಿ, ತೇವ. ಚರ್ಮದ ಬಿಸಿ ಒಂದು ಡಿಗ್ರಿ ಏರಿದರೆ ಅದು ಸುರಿಸುವ ಜಿಡ್ಡು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಬೆವರಿನಲ್ಲಿ ನೆನೆದ ಚರ್ಮ ಉಬ್ಬಿ ರೋಮದ ಬಾಯಿ ಕಿರಿದಾಗುತ್ತದೆ, ಜಿಡ್ಡು ಒಳಗೇ ಕಟ್ಟಿಕೊಳ್ಳುತ್ತದೆ, ಅಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಮೇಲಿನಿಂದ ಬಟ್ಟೆಯ ತಿಕ್ಕಾಟ ಬೇರೆ. ಕರಾವಳಿಯ ಸೆಕೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಸ್ಕ್ ಇಲ್ಲದೆಯೇ ಮುಖ ನೀರಿಳಿಯುವ ಊರು ಇದು.

ಇಲ್ಲಿನವರಿಗೆ ಇನ್ನೊಂದು ವಿಶೇಷ ಕಾರಣವಿದೆ: ತೆಂಗಿನೆಣ್ಣೆ. ತಲೆಗೆ ಎಣ್ಣೆ ಹಾಕದೆ ಮನೆಯಿಂದ ಹೊರಡದವರೇ ಹೆಚ್ಚು. ಆ ಎಣ್ಣೆ ಬೆವರಿನ ಜೊತೆ ಹಣೆಗೆ, ಕೆನ್ನೆಗೆ ಇಳಿಯುತ್ತದೆ. ಕೆಲವರು ಉಳಿದದ್ದನ್ನು ಮುಖಕ್ಕೂ ಸವರುತ್ತಾರೆ. ಒಣ ಚರ್ಮದವರಿಗೆ ತೊಂದರೆ ಇಲ್ಲ, ಆದರೆ ಮೊಡವೆ ಏಳುವ ಮುಖಕ್ಕೆ ತೆಂಗಿನೆಣ್ಣೆ ರೋಮದ ಬಾಯಿಗೆ ಬಿರಡೆ ಹಾಕಿದಂತೆ. ಎಣ್ಣೆ ಬಿಡಬೇಕೆಂದಿಲ್ಲ. ರಾತ್ರಿ ತಲೆಗೆ ಹಾಕಿ ಬೆಳಿಗ್ಗೆ ತೊಳೆದು ಹೊರಟರೆ ಸಾಕು.

ಮಾಸ್ಕ್ ಕೆಳಗಿನ ಎಲ್ಲ ಬೊಕ್ಕೆಯೂ ಮೊಡವೆಯಲ್ಲ. ಇದನ್ನು ಗುರುತಿಸದೆ ಔಷಧ ಹಚ್ಚುವುದೇ ದೊಡ್ಡ ತಪ್ಪು. ಮೊಡವೆಯಲ್ಲಿ ಕಪ್ಪು ಅಥವಾ ಬಿಳಿ ತಲೆಯ ಕಾಳುಗಳಿರುತ್ತವೆ, ನೋವು ಹೆಚ್ಚು, ತುರಿಕೆ ಕಡಿಮೆ. ಉರಿ, ತುರಿಕೆ, ಸಿಪ್ಪೆ ಏಳುವುದು ಜೋರಾಗಿದ್ದರೆ ಅದು ಬಟ್ಟೆಯ ಬಣ್ಣಕ್ಕೋ, ಸೋಪಿನ ಪುಡಿಗೋ, ಕಿವಿಯ ರಬ್ಬರಿಗೋ, ಮೂಗಿನ ತಂತಿಯ ನಿಕ್ಕಲಿಗೋ ಚರ್ಮ ತೋರಿಸುವ ಸಿಟ್ಟು. ಅಂಚು ಉಬ್ಬಿ ನಡುವೆ ಮಾಸಿದ ಉರುಟು ಕಲೆಯಾಗಿ ಹರಡುತ್ತಿದ್ದರೆ ಹುಳುಕಡ್ಡಿ, ಮಲಯಾಳದ ವಟ್ಟಚ್ಚೊರಿ. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ವಿಷವಾದೀತು.

ತೋಟದವರ ಕತೆ ಸ್ವಲ್ಪ ಬೇರೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಬೈರಾಸವನ್ನೇ ಮುಖಕ್ಕೆ ಸುತ್ತಿಕೊಳ್ಳುವುದು ರೂಢಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಲೆಕ್ಕ. ಮೇಲಿನಿಂದ ಹನಿಯುವ ಮದ್ದು ಬೈರಾಸಕ್ಕೆ ಹಿಡಿದು ಗಂಟೆಗಟ್ಟಲೆ ಚರ್ಮಕ್ಕೆ ಅಂಟಿ ಕೂರುತ್ತದೆ. ಸುಣ್ಣ ಹೆಚ್ಚಾಗಿದ್ದರಂತೂ ಕೆನ್ನೆ ಸುಟ್ಟ ಹಾಗಾಗುತ್ತದೆ. ಅದಕ್ಕೆಂದು ಮುಖ ಬಿಟ್ಟು ಮದ್ದು ಬಿಡುವುದು ಸರಿಯಲ್ಲ, ಕಣ್ಣಿಗೂ ಶ್ವಾಸಕ್ಕೂ ಅದು ಕೆಟ್ಟದ್ದು. ಎರಡು ಮೂರು ಒಣ ಬಟ್ಟೆ ಇಟ್ಟುಕೊಂಡು ಒದ್ದೆಯಾದದ್ದನ್ನು ಬದಲಿಸಬೇಕು. ಕೆಲಸ ಮುಗಿದ ಕೂಡಲೇ ಧಾರಾಳ ನೀರಿನಲ್ಲಿ ಮುಖ ತೊಳೆಯಬೇಕು. ನಿನ್ನೆಯ ನೀಲಿ ಕಲೆಯ ಬೈರಾಸವನ್ನೇ ಇವತ್ತೂ ಸುತ್ತುವುದು ಬೇಡ.

ತಡೆಯುವ ಉಪಾಯಗಳಲ್ಲಿ ಖರ್ಚಿನದ್ದು ಯಾವುದೂ ಇಲ್ಲ. ಬಟ್ಟೆ ಮಾಸ್ಕ್ ಆದರೆ ಹತ್ತಿಯದು, ಮೆತ್ತಗಿನದು. ದಿನಕ್ಕೊಂದು ಬದಲಿ, ಪ್ರತಿದಿನ ತೊಳೆಯುವುದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸುವುದು. ಬಟ್ಟೆಗೆ ಪರಿಮಳ ಕೊಡುವ ದ್ರವ ಹಾಕಬಾರದು. ಆಟಿ ತಿಂಗಳ ಮಳೆಯಲ್ಲಿ ಒಣಗಿಸುವುದೇ ಕಷ್ಟ. ಒಲೆಯ ಮೇಲೆ ಕಟ್ಟಿ ಒಣಗಿಸಿದರೆ ಹೊಗೆ ಹಿಡಿಯುತ್ತದೆ, ಅರೆ ಒಣಗಿದ್ದು ಬೂಸ್ಟು ಹಿಡಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಎರಡೂ ತಪ್ಪುತ್ತದೆ. ಒಮ್ಮೆ ಬಳಸುವ ಸರ್ಜಿಕಲ್ ಮಾಸ್ಕ್ ಒದ್ದೆಯಾದ ಕೂಡಲೇ ಬಿಸಾಡಬೇಕು. ಜೇಬಿನಲ್ಲಿಟ್ಟು ನಾಳೆಗೆ ತೆಗೆಯುವ ಉಳಿತಾಯ ಮುಖಕ್ಕೆ ಖರ್ಚು.

ನಾಲ್ಕು ಗಂಟೆಗೊಮ್ಮೆ ಜನರಿಲ್ಲದ ಗಾಳಿ ಬೆಳಕಿನ ಜಾಗದಲ್ಲಿ ಹದಿನೈದು ನಿಮಿಷ ಮಾಸ್ಕ್ ತೆಗೆದರೆ ಚರ್ಮ ಉಸಿರಾಡುತ್ತದೆ. ಮುಖವನ್ನು ಮೃದುವಾದ ಸೋಪು ಅಥವಾ ಫೇಸ್‌ವಾಶ್‌ನಿಂದ ದಿನಕ್ಕೆರಡು ಸಲ ತೊಳೆದರೆ ಸಾಕು. ಹತ್ತು ಸಲ ಉಜ್ಜಿದರೆ ಮೊಡವೆ ಹೋಗುವುದಿಲ್ಲ, ಚರ್ಮ ಹೋಗುತ್ತದೆ. ಮಾಸ್ಕ್ ಕೆಳಗೆ ಪೌಡರು, ಸ್ನೋ, ಫೌಂಡೇಶನ್ ಬೇಡ. ಹಗುರವಾದ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಅರ್ಧ ಗಂಟೆ ಮೊದಲು ಹಚ್ಚಿದರೆ ತಿಕ್ಕಾಟ ಕಡಿಮೆ. ಮೂಗಿನ ಪಕ್ಕದ ಮೊಡವೆಯನ್ನು ಚಿವುಟುವ ಚಾಳಿಯನ್ನಂತೂ ಇವತ್ತೇ ಬಿಡಬೇಕು. ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ಕಡೆಗೆ ಸಂಪರ್ಕ ಇದೆ. ಟೂತ್‌ಪೇಸ್ಟ್, ನಿಂಬೆರಸ, ಡೆಟ್ಟಾಲು ಹಚ್ಚಿ ಸುಟ್ಟುಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ.

ಇಷ್ಟಾದರೂ ಕಡಿಮೆಯಾಗದ ಸಾಮಾನ್ಯ ಮೊಡವೆಗೆ ಸ್ಯಾಲಿಸಿಲಿಕ್ ಆಮ್ಲ ಇರುವ ಫೇಸ್‌ವಾಶ್ ಅಥವಾ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಕೆಲಸ ಮಾಡುತ್ತದೆ. ಜೆಲ್ಲನ್ನು ರಾತ್ರಿ, ಮಾಸ್ಕ್ ಇಲ್ಲದ ಹೊತ್ತಿನಲ್ಲಿ, ತೆಳ್ಳಗೆ ಹಚ್ಚಬೇಕು. ತಲೆದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ, ಹಳೆಯದನ್ನು ಹಾಸಿಕೊಳ್ಳಿ. ಅಡಾಪಲಿನ್ ಜೆಲ್ ಇನ್ನೂ ಒಳ್ಳೆಯದು, ಆದರೆ ವೈದ್ಯರ ಚೀಟಿಯ ಮೇಲೆ. ಗರ್ಭಿಣಿಯರು ಅದನ್ನು ಬಳಸಬಾರದು. ಯಾವುದೇ ಔಷಧಕ್ಕೂ ಆರರಿಂದ ಎಂಟು ವಾರ ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಟ್ಯೂಬು ಬದಲಿಸುವವರೇ ಕೊನೆಗೆ ಸ್ಟಿರಾಯ್ಡ್ ಕ್ರೀಮಿನ ಬಾಯಿಗೆ ಬೀಳುವುದು.

ಬೆಟಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿರುತ್ತವೆ. ಹಚ್ಚಿದ ಮೂರೇ ದಿನಕ್ಕೆ ಕೆಂಪು ಮಾಯ, ಮುಖ ಬೆಳ್ಳಗೆ. ಹಾಗಾಗಿಯೇ ಅಕ್ಕನಿಂದ ತಂಗಿಗೆ, ನೆರೆಮನೆಗೆ ಟ್ಯೂಬು ಹೋಗುತ್ತದೆ. ಕೆಲವು ವಾರ ಕಳೆದರೆ ಚರ್ಮ ತೆಳುವಾಗಿ ನರಗಳು ಕಾಣುತ್ತವೆ, ಮೊಡವೆ ಇಮ್ಮಡಿಯಾಗಿ ಏಳುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ, ಉರಿಯುತ್ತದೆಂದು ಮತ್ತೆ ಹಚ್ಚುತ್ತಾರೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೊಳಗೇ ಹಬ್ಬುತ್ತದೆ. 2011ರಲ್ಲಿ ಪ್ರಕಟವಾದ ದೇಶದ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ಮುಖದ ತೊಂದರೆಗೆಂದು ಬಂದ 2926 ಮಂದಿಯಲ್ಲಿ 433 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದರು. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವ ಅಂಗಡಿಗೆ ಬರಗಾಲವಿಲ್ಲ.

ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಅಳಿಸಲೆಂದು ಬಿಳಿಯಾಗುವ ಕ್ರೀಮಿಗೆ ಕೈ ಹಾಕುವವರಿಗೆ ಮಲಪ್ಪುರಂನ ಸುದ್ದಿ ಗೊತ್ತಿರಬೇಕು. ಅಲ್ಲಿ 2021ರಿಂದ 2023ರ ನಡುವೆ ಮೂತ್ರದಲ್ಲಿ ಪ್ರೋಟೀನು ಹೋಗುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. 15 ಮಂದಿಯದು ಅಪರೂಪದ ಒಂದೇ ನಮೂನೆ, ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದ್ದರು. ಅದರಲ್ಲಿದ್ದ ಪಾದರಸ ಚರ್ಮದ ಮೂಲಕ ಒಳಗೆ ಇಳಿದಿತ್ತು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್ ಇಲ್ಲದ ಡಬ್ಬಿಯನ್ನು ಯಾರು ತಂದುಕೊಟ್ಟರೂ, ಗಲ್ಫಿನಿಂದ ಬಂದ ಅಣ್ಣನೇ ತಂದರೂ, ಹಚ್ಚಬಾರದು. ಕಪ್ಪು ಕಲೆ ಬಿಸಿಲಿಗೆ ಮುಖ ಮುಚ್ಚಿಕೊಂಡರೆ ಕೆಲವು ತಿಂಗಳಲ್ಲಿ ತಾನಾಗಿ ಮಾಸುತ್ತದೆ.

ಗಟ್ಟಿ ಗಂಟಿನಂತೆ ನೋಯುವ ಮೊಡವೆ, ಕೀವು, ಜ್ವರ, ಕಣ್ಣಿನ ಕಡೆಗೆ ಬಾವು ಇದ್ದರೆ ಕಾಯಬಾರದು. ಸಕ್ಕರೆ ಕಾಯಿಲೆಯವರಿಗೆ ಬೊಕ್ಕೆ ಮತ್ತೆ ಮತ್ತೆ ಏಳುತ್ತಿದ್ದರೂ ಅಷ್ಟೇ. ಚರ್ಮವೈದ್ಯರಲ್ಲಿಗೆ ಹೋಗುವಾಗ, ಅದು ಕಾಸರಗೋಡಿರಲಿ, ಮಂಗಳೂರಿರಲಿ, ಈ ತನಕ ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ದಿನಾ ಹಾಕುವ ಮಾಸ್ಕನ್ನೂ. ಸ್ಟಿರಾಯ್ಡ್ ಹಚ್ಚಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು. ತಿಂಗಳುಗಟ್ಟಲೆ ಹಚ್ಚಿದ್ದನ್ನು ಒಮ್ಮೆಲೇ ಬಿಟ್ಟರೆ ಮುಖ ಬೆಂಕಿಯಾಗುತ್ತದೆ, ಹಂತಹಂತವಾಗಿ ಬಿಡಿಸುವುದು ಹೇಗೆಂದು ಹೇಳಬೇಕಾದವರು ಅವರೇ.