ಅರಿವಳಿಕೆಯಲ್ಲಿ ದೇಹವ್ಯಾಪಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಿರಿಯರಿಗೆ ಶಸ್ತ್ರಕ್ರಿಯೆ ಎಂದೊಡನೆ ನೆನಪಾಗುವ ಊರು ಮಿರಜ. ಜಮಖಂಡಿಯಂತೆಯೇ ಪಟವರ್ಧನರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಅಮೆರಿಕದ ಪ್ರೆಸ್ಬಿಟೀರಿಯನ್ ಮಿಷನ್ನಿನ ವೈದ್ಯರಾದ ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಆಸ್ಪತ್ರೆಯನ್ನು ತೆರೆದರು. ಭಾರತದಲ್ಲಿ ಆಗ ಕ್ಲೋರೋಫಾರ್ಮಿನ ಬಳಕೆಯೇ ಹೆಚ್ಚು. ಅದೇ ವರ್ಷ ಲಂಡನ್ನಿನ ವೈದ್ಯ ಲಿಯೊನಾರ್ಡ್ ಗಥ್ರಿ ಅವರು ಕಳವಳದ ಸಂಗತಿಯೊಂದನ್ನು ಪ್ರಕಟಿಸಿದರು. ಕ್ಲೋರೋಫಾರ್ಮಿನಿಂದ ಎಚ್ಚೆತ್ತ ಕೆಲವು ಮಕ್ಕಳು ಅನಂತರ ವಾಂತಿಯಿಂದ ಬಳಲಿ ಅಸುನೀಗಿದ್ದರು. ಅವರ ಯಕೃತ್ತು ಕೊಬ್ಬುಗಟ್ಟಿತ್ತು.

ಇದಕ್ಕೆ ಮೊದಲು, 1888 ಮತ್ತು 1889ರಲ್ಲಿ, ನಿಜಾಮರ ಆಶ್ರಯದಲ್ಲಿ ಹೈದರಾಬಾದಿನ ಎರಡು ಆಯೋಗಗಳು ಕ್ಲೋರೋಫಾರ್ಮನ್ನು ಪರೀಕ್ಷಿಸಿದ್ದವು. ನಮ್ಮ ಕಲಬುರ್ಗಿ, ರಾಯಚೂರುಗಳು ಆಗ ಅದೇ ರಾಜ್ಯದಲ್ಲಿದ್ದವು. ಆಯೋಗಗಳ ಶ್ರಮ ದೊಡ್ಡದು. ಆದರೆ ಅವುಗಳ ದೃಷ್ಟಿ ನೆಟ್ಟಿದ್ದುದು ಉಸಿರು ಹಾಗೂ ರಕ್ತಪರಿಚಲನೆಗಳ ಮೇಲೆ. ಯಕೃತ್ತಿನೊಳಗಿನ ರಾಸಾಯನಿಕ ವ್ಯಾಪಾರ ಅವುಗಳ ಕಣ್ಣಿಗೆ ಬೀಳಲಿಲ್ಲವೆಂದೇ ನಾವು ತಿಳಿಯುತ್ತೇವೆ.

ಆ ವ್ಯಾಪಾರವೇನು? ಅರಿವಳಿಕೆಯಿಂದ ಮನಸ್ಸು ಮರವೆಗೆ ಸಂದರೂ ದೇಹವು ಕತ್ತಿಯ ಗಾಯವನ್ನು ಅರಿಯುತ್ತಲೇ ಇರುತ್ತದೆ. ಆಮ್ಲಜನಕದ ಬಳಕೆ ತಗ್ಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿ ಕೈಕಾಲುಗಳಿಗೆ ಹರಿದು, ಮೊದಲ ಗಂಟೆಯಲ್ಲಿಯೇ ಒಳಗಿನ ಉಷ್ಣತೆ 1ರಿಂದ 1.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬಹುದು. ಎಚ್ಚೆತ್ತ ರೋಗಿಯ ನಡುಕಕ್ಕೆ ಇದೊಂದು ಕಾರಣ. ಇತ್ತ ಗಾಯದ ಸುದ್ದಿ ನರಗಳ ಮೂಲಕ ಮಿದುಳನ್ನು ಮುಟ್ಟಲು, ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಯಕೃತ್ತು ಕೂಡಿಟ್ಟ ಗ್ಲೈಕೊಜನ್ನನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಪ್ರಭಾವ ಕುಗ್ಗುವುದರಿಂದ ಆ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಮುಂದಿನ ದಿನಗಳಲ್ಲಿ ಸ್ನಾಯುಗಳ ಪ್ರೋಟೀನೂ ಕರಗುತ್ತದೆ. ಮೂಳೆ ಮುರಿದವರ ಮೂತ್ರದಲ್ಲಿ ಸಾರಜನಕ ಹೀಗೆ ಸೋರಿಹೋಗುವುದನ್ನು ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ ಅವರು 1930ರ ದಶಕದ ಆರಂಭದಲ್ಲಿ ಅಳೆದು ತೋರಿಸಿದರು.

ಉಪವಾಸದ ಮಾತು ಇಲ್ಲಿ ಮುಖ್ಯವಾಗುತ್ತದೆ. ಗ್ಲೈಕೊಜನ್ ಬರಿದಾದ ಯಕೃತ್ತಿಗೆ ಕ್ಲೋರೋಫಾರ್ಮಿನ ವಿಷ ಹೆಚ್ಚು ತಾಗುವುದೆಂದು ಮುಂದೆ ತಿಳಿದುಬಂದಿತು. ಕ್ಲೋರೋಫಾರ್ಮ್ ಬಳಕೆಯಿಂದ ಮರೆಯಾದರೂ, ರೋಗಿಯನ್ನು ಹಿಂದಿನ ಸಂಜೆಯಿಂದಲೇ ನೀರೂ ಕೊಡದೆ ಇಡುವ ವಾಡಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಸೇರಬಾರದೆಂಬ ಅದರ ಮೂಲ ಕಾರಣ ಸರಿಯೇ. ಆದರೆ ಇಂದಿನ ಸಾಮಾನ್ಯ ನಿಯಮದಂತೆ ಲಘು ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆಗಳ ಅಂತರ ಸಾಕು. ಎಣ್ಣೆ-ಮಾಂಸಗಳ ಊಟಕ್ಕೆ ಹೆಚ್ಚು ಬೇಕು. ಇತಿಹಾಸದ ಬೋಧಕರಾದ ನಾವು ವೈದ್ಯರ ಸ್ಥಾನದಲ್ಲಿ ನಿಂತು ನುಡಿಯಲಾರೆವು. ರೋಗಿಗೆ ತಕ್ಕಂತೆ ಗಂಟೆಯನ್ನು ಗೊತ್ತುಮಾಡುವವರು ಅರಿವಳಿಕೆಯ ವೈದ್ಯರೇ. ಮಧುಮೇಹವುಳ್ಳವರಂತೂ ಕೊನೆಯ ಊಟ, ಕೊನೆಯ ಮಾತ್ರೆ, ಕೊನೆಯ ಇನ್ಸುಲಿನ್ ಇವುಗಳ ವೇಳೆಯನ್ನು ಅವರಿಗೆ ಮರೆಯದೆ ತಿಳಿಸತಕ್ಕದ್ದು. ಉಪವಾಸದಲ್ಲಿ ಆ ಮದ್ದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಅರಿವಿಲ್ಲದೆ ಮಲಗಿದ ರೋಗಿಯಲ್ಲಿ ಬೆವರು, ತಳಮಳಗಳ ಸೂಚನೆ ಸುಲಭವಾಗಿ ಕಾಣಿಸದು.