ಬಸ್ಸು ಎತ್ತ ಹೋಯಿತು?



ಕೆಲವು ವರ್ಷಗಳ ಹಿಂದೆ ಬೈಂದೂರು ಬಳಿಯ ಯಡ್ತರೆಯಲ್ಲಿ ಒಂದು ಕಿರುನಾಟಕದ ಚಿತ್ರೀಕರಣ ನಡೆಸಿದ್ದೆ. ಮಗಳು ಹೆದ್ದಾರಿಯಲ್ಲಿ ಬಸ್ಸು ಹತ್ತಿ ಕುಂದಾಪುರಕ್ಕೆ ಹೊರಡುತ್ತಾಳೆ. ತಾಯಿ ನೋಡುತ್ತಾ ನಿಲ್ಲುತ್ತಾಳೆ. ಮೊದಲ ದಿನ ಸಂಜೆ ರಸ್ತೆಯ ಪಡುಬದಿಯಲ್ಲಿ, ಕಡಲಿಗೆ ಬೆನ್ನುಮಾಡಿ ಕ್ಯಾಮರಾ ಇಟ್ಟೆವು. ಮರುದಿನ ಬೆಳಿಗ್ಗೆ ಅಲ್ಲಿಂದ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ, ಮೂಡುಬದಿಗೆ ದಾಟಿದೆವು. ಎರಡೂ ಹೊತ್ತು ಬಿಸಿಲು ನಮ್ಮ ಬೆನ್ನ ಹಿಂದಿನದೇ. ಬೆಳಕು ಹೊಂದಿತೆಂದು ನಾನು ನೆಮ್ಮದಿಯಾಗಿದ್ದೆ.

ಪ್ರಸಾರವಾದ ಮೇಲೆ ಆ ಊರಿನ ಹಿರಿಯ ಮಹಿಳೆಯೊಬ್ಬರು ಕೇಳಿದರು: "ಎಂತ ಮಾರಾಯ್ರೆ, ಕುಂದಾಪ್ರಕ್ಕೆ ಹೊರಟ ಬಸ್ಸ್ ತಿರ್ಗಿ ಭಟ್ಕಳಕ್ಕೆ ಹೋಯ್ತಲೆ?"

ಅವರು ಹೇಳಿದ್ದು ಸರಿ. ಪಡುಬದಿಯಿಂದ ಮೂಡಣಕ್ಕೆ ನೋಡಿದರೆ ಉತ್ತರದ ಭಟ್ಕಳ ನಮ್ಮ ಎಡಕ್ಕೆ, ದಕ್ಷಿಣದ ಕುಂದಾಪುರ ಬಲಕ್ಕೆ. ಬಸ್ಸು ತೆರೆಯ ಮೇಲೆ ಎಡದಿಂದ ಬಲಕ್ಕೆ ಓಡುತ್ತದೆ. ರಸ್ತೆ ದಾಟಿ ನಿಂತು ನೋಡಿದರೆ ಅದೇ ಬಸ್ಸು ಬಲದಿಂದ ಎಡಕ್ಕೆ. ಸ್ಥಳದಲ್ಲಿ ನಿಂತವರಿಗೆ ಗೊಂದಲವಿಲ್ಲ, ರಸ್ತೆ ದಾಟಿದ್ದು ಅವರಿಗೆ ಗೊತ್ತು. ನೋಡುಗರ ಪಾಲಿಗೆ ಇರುವುದು ತೆರೆಯ ಎಡಬಲ ಮಾತ್ರ.

ಆದ್ದರಿಂದ ಚಲನೆಯ ಉದ್ದಕ್ಕೆ ಒಂದು ಗೆರೆ ಕಲ್ಪಿಸಿಕೊಂಡು, ಕ್ಯಾಮರಾ ಅದರ ಒಂದೇ ಬದಿಯ ಅರ್ಧವೃತ್ತದೊಳಗೆ ಇರಬೇಕೆಂಬುದು ರೂಢಿ. ಇದಕ್ಕೆ 180 ಡಿಗ್ರಿ ನಿಯಮವೆಂದು ಹೆಸರು. ಮಾತನಾಡುವ ಇಬ್ಬರ ನಡುವೆಯೂ ಇಂಥ ಗೆರೆಯುಂಟು. ಅತ್ತೆ ಬಲಕ್ಕೆ ನೋಡಿದರೆ ಸೊಸೆ ಎಡಕ್ಕೆ ನೋಡಬೇಕು. ಇಬ್ಬರೂ ಒಂದೇ ಕಡೆ ನೋಡಿದರೆ ಮೂರನೆಯವರೊಡನೆ ಜಗಳವಾಡುತ್ತಿರುವಂತೆ ಕಾಣುತ್ತದೆ.

ಗೆರೆ ದಾಟಲೇಬಾರದೆಂದಲ್ಲ. ನಡುವೆ ಬಸ್ಸು ನೇರ ನಮ್ಮತ್ತ ಬರುವ ಒಂದು ಚಿತ್ರಿಕೆಯಿದ್ದರೆ ಸಾಕಿತ್ತು, ಅದಕ್ಕೆ ಎಡಬಲವಿಲ್ಲ. ನನ್ನ ಬಳಿ ಅದಿರಲಿಲ್ಲ. ಚಿತ್ರಿಕೆಯನ್ನು ಕನ್ನಡಿಯಂತೆ ತಿರುಗಿಸಬಹುದಿತ್ತು. ಆಗ ಬಸ್ಸಿನ ಬೋರ್ಡಿನ ಅಕ್ಷರಗಳೂ ತಿರುಗುತ್ತವೆ, ಚಾಲಕ ಎಡಗಡೆಗೆ ಹೋಗುತ್ತಾನೆ!

ಸಂಕಲನಕಾರರ ಇನ್ನೊಂದು ಉಪಾಯ, ಚಲನೆಯ ಮಧ್ಯದಲ್ಲೇ ಕತ್ತರಿಸುವುದು. ತಾಯಿ ಕೈಯೆತ್ತಲು ತೊಡಗಿದಾಗ ದೂರದ ಚಿತ್ರಿಕೆ; ಕೈ ಅರ್ಧಕ್ಕೆ ಬಂದಾಗ ಹತ್ತಿರದ್ದು. ನಮ್ಮ ದೂರದರ್ಶನದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಕಣ್ಣು ಕೈಯ ಜೊತೆಗೆ ಹೋಗುತ್ತಿರುವುದರಿಂದ ಆ ಕ್ಷಣದ ಜೋಡಣೆ ತಿಳಿಯುವುದೇ ಇಲ್ಲ.

ಇದೆಲ್ಲ ಸಿನಿಮಾ ಹುಟ್ಟಿದಾಗಲೇ ಬಂದದ್ದಲ್ಲ. ಎಡ್ವಿನ್ ಪೋರ್ಟರ್ 1903ರ 'ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್' ಚಿತ್ರದಲ್ಲಿ ಬೆಂಕಿಯಿಂದ ತಾಯಿಮಗುವನ್ನು ಪಾರುಮಾಡುವುದನ್ನು ಕೋಣೆಯೊಳಗಿನಿಂದ ಪೂರ್ತಿ ತೋರಿಸಿ, ಮತ್ತೆ ಅದನ್ನೇ ಹೊರಗಿನಿಂದ ಮೊದಲಿಂದ ತೋರಿಸಿದ. ಒಳಗೂ ಹೊರಗೂ ಒಂದೇ ಕಾಲವಾಗಿ ಹೆಣೆಯುವುದನ್ನು ಸಿನಿಮಾದವರು ಮುಂದೆ ಕಲಿತರು.

ಯಕ್ಷಗಾನ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ಇದರ ಮರ್ಮ ಹೊಸದಲ್ಲ. ವೇಷಧಾರಿ ಪ್ರಯಾಣ ಕುಣಿತದಲ್ಲಿ ರಂಗಸ್ಥಳ ಸುತ್ತಿದರೆ ಕಾಡು ದಾಟಿದಂತಾಯಿತು. ಆ ದಾರಿಯನ್ನು ಬೆಸೆಯುವುದು ಭಾಗವತರ ಪದ ಮತ್ತು ಚೆಂಡೆ. ನಾವೂ ನಾಲ್ಕು ಚಿತ್ರಿಕೆಗಳ ಕೆಳಗೆ ಒಂದೇ ಕಡಲಿನ ಮೊರೆತ ಹಾಕಿ ಒಂದು ಊರು ಮಾಡುತ್ತೇವೆ. ಯಡ್ತರೆಯಲ್ಲಿ ತೆರೆದ ಬಾಗಿಲಿನ ಒಳಗಿನ ಜಗಲಿ ಬೆಂಗಳೂರಿನ ಸ್ಟುಡಿಯೋದಲ್ಲಿರಬಹುದು. ಕಥೆಯಲ್ಲಿ ಅದು ನಿಮ್ಮೊಡನೆ ಮಾಡಿಕೊಂಡ ಒಪ್ಪಂದ.

ಆದರೆ ಇದೇ ಕತ್ತರಿ ಸುದ್ದಿ, ಸಾಕ್ಷ್ಯಚಿತ್ರಗಳಲ್ಲೂ ಓಡುತ್ತದೆ. ಒಬ್ಬರ ಭಾಷಣ, ಅದರ ಪಕ್ಕದಲ್ಲಿ ಇನ್ನಾವುದೋ ಗಳಿಗೆಯಲ್ಲಿ ಆಕಳಿಸಿದವರ ಮುಖ. ನೋಟ, ದಿಕ್ಕು, ಬೆಳಕು ಎಲ್ಲವೂ ಹೊಂದಿಕೊಂಡಿವೆ, ಸತ್ಯವೊಂದೇ ಹೊಂದಿಲ್ಲ. ಕಥೆಯಲ್ಲಿ ಜೋಡಣೆ ಕಂಡರೆ ನನಗೆ ಅವಮಾನ. ವರದಿಯಲ್ಲಿ ಕಾಣದಿದ್ದರೆ ನಿಮಗೆ ನಷ್ಟ.

ಇಂದು ರಾತ್ರಿ ಧಾರಾವಾಹಿ ನೋಡುವಾಗ ಐದು ನಿಮಿಷ ಧ್ವನಿ ನಿಲ್ಲಿಸಿ. ಯಾರು ಎತ್ತ ನೋಡುತ್ತಾರೆ, ಕೈ ಎಲ್ಲಿದ್ದಾಗ ಚಿತ್ರಿಕೆ ಬದಲಾಯಿತು ಎಂದು ಗಮನಿಸಿ. ಆಮೇಲೆ ವಾರ್ತೆಗಳನ್ನೂ ಹಾಗೆಯೇ ನೋಡಿ. ಬಸ್ಸು ತಪ್ಪು ದಿಕ್ಕಿಗೆ ಹೋದರೆ, ಯಡ್ತರೆಯ ಆ ಹಿರಿಯರಂತೆ ನಮ್ಮನ್ನು ಕೇಳಿ.