ಕಾಡಿನ ದುಡಿಮೆ ಯಾರದು, ಪಟ್ಟೆ ಯಾರದು?

ಮಳೆಗಾಲ ಮೊದಲಾದೊಡನೆ ಕಲ್ಯಾಣ, ಡೊಂಬಿವಲಿ, ಠಾಣೆ ನಿಲ್ದಾಣಗಳ ಹೊರಗೆ ಕಾಡುಸೊಪ್ಪಿನ ಕಂತೆಗಳನ್ನು ಹರಡಿಕೊಂಡು ಕುಳಿತ ಹೆಂಗಸರನ್ನು ನಮ್ಮ ವಾಚಕರೆಲ್ಲರೂ ಕಂಡಿರುತ್ತಾರೆ. ಅವರ 'ಟಾಕಳಾ' ನಮ್ಮೂರ ತಗಟೆ ಸೊಪ್ಪು. 'ಕರ್ಟೋಲಿ' ನಮ್ಮ ಮಡಹಾಗಲ. 'ಶೇವಳ' ಮಾತ್ರ ನಮಗೆ ಹೊಸದು. ಅದನ್ನು ಕೊಳ್ಳುವವರು 'ಕಾಕಡ'ದ ಕಾಯಿಯನ್ನೂ ಕೇಳಿ ಪಡೆಯಬೇಕು. ಇಲ್ಲವಾದರೆ ಗಂಟಲು ತುರಿಸುತ್ತದೆ.

ಇವರಲ್ಲಿ ಬಹುಮಂದಿ ಶಹಾಪುರ, ಮುರಬಾಡ, ಕರ್ಜತ ಕಡೆಯ ಠಾಕೂರ, ಕಾತಕರಿ ಜನ. ಅಲ್ಲಿಯದು ಬೇಸಗೆಯಲ್ಲಿ ಎಲೆಯುದುರುವ ಸಾಗುವಾನಿ, ಮುತ್ತುಗ, ಹಿಪ್ಪೆಗಳ ಕಾಡು. ಬೇಸಗೆಗೆ ಹಿಪ್ಪೆ ಹೂ, ಮಳೆಗೆ ಸೊಪ್ಪು ಗೆಡ್ಡೆ, ವರ್ಷವಿಡೀ ಸೌದೆ. ಇವನ್ನು ಆಯುವುದು, ಹೊರುವುದು, ಮಾರುವುದು ಹೆಚ್ಚಾಗಿ ಹೆಂಗಸರ ಪಾಲು. ಬೇಟೆ, ಉಳುಮೆ, ಮರ ಕಡಿಯುವುದು ಗಂಡಸರದು.

ಹೆಂಗಸರ ಈ ದುಡಿಮೆ ಲೆಕ್ಕಕ್ಕೆ ಬಂದುದು ಕಡಿಮೆ. ಹಿಂದೆ ಠಾಣೆ ಜಿಲ್ಲೆಯ ಉತ್ತರ ಭಾಗದಲ್ಲಿ (2014ರಿಂದ ಅದು ಪಾಲಘರ ಜಿಲ್ಲೆ) 'ಲಗ್ನಗಡಿ' ಎಂಬ ಜೀತಪದ್ಧತಿಯಿತ್ತು. ವಾರ್ಲಿ ತರುಣನು ಮದುವೆಗೆಂದು ಜಮೀನುದಾರನಲ್ಲಿ ಸಾಲ ಮಾಡಿದರೆ ಅವನೂ ದುಡಿಯಬೇಕು, ಸಾಲ ಪಡೆಯದ ಆ ಮದುಮಗಳೂ ದುಡಿಯಬೇಕು. 1945ರಲ್ಲಿ ಗೋದಾವರಿ ಮತ್ತು ಶಾಮರಾವ ಪರುಳೇಕರರ ಮುಂದಾಳುತನದಲ್ಲಿ ವಾರ್ಲಿಗಳು ಕಿಸಾನ ಸಭೆಯನ್ನು ಸೇರಿ ಈ ಜೀತದ ವಿರುದ್ಧ ಎದ್ದು ನಿಂತರು. ಇಂದಿಗೂ ಕಾತಕರಿ ದಂಪತಿಗಳು ಮಳೆ ಮುಗಿದ ಮೇಲೆ ಇಟ್ಟಿಗೆ ಭಟ್ಟಿಗೆ ಹೋಗುವಾಗ 'ಜೋಡಿ' ಎಂದೇ ಲೆಕ್ಕ. ಮುಂಗಡ ಮಾತ್ರ ಬಹುಪಾಲು ಗಂಡನ ಕೈಗೆ.

ಹಾಗೆಂದು ಹೆಣ್ಣಿಗೆ ಅಲ್ಲಿ ಮನ್ನಣೆಯೇ ಇಲ್ಲವೆಂದು ತಿಳಿಯಬಾರದು. ವಾರ್ಲಿ ಮದುವೆಯ ವಿಧಿ ನಡೆಸುವವಳು 'ಧವಳೇರಿ' ಎಂಬ ಹೆಂಗಸು. ಅಕ್ಕಿಹಿಟ್ಟಿನಿಂದ ಗೋಡೆಗೆ 'ಚೌಕ' ಬರೆಯುತ್ತಿದ್ದವರು ಮುತ್ತೈದೆಯರು. 1970ರ ದಶಕದಲ್ಲಿ ಆ ಚಿತ್ರ ಕಾಗದಕ್ಕಿಳಿದು ಬೆಲೆ ಬಂದ ಮೇಲೆ ಹೆಸರಾದವರು ಹೆಚ್ಚಾಗಿ ಗಂಡಸರೇ. ಜಿವ್ಯಾ ಸೋಮಾ ಮಶೆಯವರಿಗೆ 2011ರಲ್ಲಿ ಪದ್ಮಶ್ರೀ ಬಂದುದು ಯೋಗ್ಯವೇ ಸರಿ. ಆದರೂ ಗೋಡೆಯ ಮೇಲೆ ಬರೆದ ಅಜ್ಜಿಯರು ನೆನಪಿಗೆ ಬಾರದಿರರು.

2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡುಭೂಮಿ ಉಳುತ್ತ ಬಂದ ಬುಡಕಟ್ಟಿನ ಕುಟುಂಬಕ್ಕೆ 4 ಹೆಕ್ಟೇರಿನವರೆಗೆ ಹಕ್ಕು ದೊರೆಯಬಹುದು. ಮದುವೆಯಾದವರಿದ್ದರೆ ಅದು ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ದಾಖಲಾಗಬೇಕು. ಮಕ್ಕಳಿಗೆ ಬರುತ್ತದೆ, ಮಾರಲಾಗದು. ಗಂಡನೊಬ್ಬನೇ ಸಾಲಕ್ಕೋ ಕುಡಿತಕ್ಕೋ ಅದನ್ನು ಕಳೆಯುವಂತಿಲ್ಲ. ಅರ್ಜಿಗಳನ್ನು ಪರಿಶೀಲಿಸುವ ಹಳ್ಳಿಯ ಸಮಿತಿಯಲ್ಲಿ ಮೂರನೆಯ ಒಂದು ಪಾಲಾದರೂ ಹೆಂಗಸರಿರಬೇಕು.

ಸೊಪ್ಪು, ಹೂ, ಕಾಯಿ ಆಯುವ ಹಕ್ಕು ಊರಿಗೆಲ್ಲ ಸೇರಿದ್ದು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಇಂಥ ಸಾಮುದಾಯಿಕ ಹಕ್ಕು ದೊರೆಯಿತು. ಜೇನಿಗೆ ಮರ ಹತ್ತುವವರು ಗಂಡಸರು. ಆದರೆ ಹಕ್ಕು ಗ್ರಾಮಸಭೆಯದು, ವಯಸ್ಸಿಗೆ ಬಂದ ಹೆಣ್ಣು ತಾನೇ ಅದರ ಸದಸ್ಯೆ, ಗಂಡನ ಮೂಲಕ ಅಲ್ಲ. ನಮಗೆ ಇದೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ.

ಕಾಯಿದೆ ಹೀಗಿದ್ದರೂ ಪಟ್ಟೆಯಲ್ಲಿ ಹೆಂಡತಿಯ ಹೆಸರು ಬಿಟ್ಟುಹೋಗುವುದುಂಟು. ಚಾಳಿನ ಖೋಲಿಯ ಕಾಗದ ಯಾರ ಹೆಸರಿನಲ್ಲಿದೆಯೆಂದು ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಇದು ಅಚ್ಚರಿಯಲ್ಲ. (ರೇಷನ್ ಚೀಟಿಯಲ್ಲಿ ಮಾತ್ರ, 2013ರ ಆಹಾರ ಭದ್ರತಾ ಕಾಯಿದೆಯಂತೆ, ಮನೆಯ ಹಿರಿಯ ಹೆಂಗಸೇ ಯಜಮಾನಿ.) ಕಾಡಿನವರಾದರೂ ಪಟ್ಟೆ ಕೈಗೆ ಬಂದ ದಿನವೇ ಎರಡೂ ಹೆಸರುಗಳಿವೆಯೇ ಎಂದು ಓದಿಸಿ ನೋಡಬೇಕು. ಗಂಡ ತೀರಿಕೊಂಡ ಮೇಲೆ ಮೈದುನರ ಎದುರಿಗೆ ಆ ಹೆಸರನ್ನು ಬರೆಯಿಸುವುದು ಸುಲಭವಲ್ಲ.